ಫ್ಲೋರೈಡ್ ವಾರ್ನಿಷ್: ಹಚ್ಚಿಸಿಕೊಂಡ ದಿನ ಚಕ್ಕುಲಿ ಯಾಕೆ ಬೇಡ?

ವಾರ್ನಿಷ್ ಅಂದರೆ ನಮಗೆ ನೆನಪಾಗುವುದು ತೇಗದ ಬಾಗಿಲು. ಹಲ್ಲಿನ ಡಾಕ್ಟರು 'ಮಗಳಿಗೆ ಫ್ಲೋರೈಡ್ ವಾರ್ನಿಷ್ ಹಚ್ಚಿಬಿಡೋಣ' ಅಂದಾಗ ಜೊತೆಗೆ ಬಂದಿದ್ದ ದೊಡ್ಡಮ್ಮ ನನ್ನ ಕಿವಿಯಲ್ಲಿ, 'ಬಾಗಿಲಿಗೆ ಬಳಿಯೋದಲ್ವೇನೋ ಅದು?' ಎಂದರು. ನಗು ಬಂತು. ಆಮೇಲೆ ಓದಿ ನೋಡಿದರೆ ದೊಡ್ಡಮ್ಮನ ಮಾತಿನಲ್ಲಿ ತಪ್ಪೇನಿರಲಿಲ್ಲ. ಸಾಮಾನು ಅದೇ ಜಾತಿಯದು: ರಾಳ, ಅದನ್ನು ಕರಗಿಸಿಡಲು ಆಲ್ಕೋಹಾಲ್. ಅದರೊಳಗೆ ನೂರಕ್ಕೆ 5 ಭಾಗ ಸೋಡಿಯಂ ಫ್ಲೋರೈಡ್ ಬೆರೆಸಿದರೆ ಹಲ್ಲಿನ ವಾರ್ನಿಷ್. 1964ರ ಹೊತ್ತಿಗೆ ಜರ್ಮನಿಯಲ್ಲಿ ಶುರುವಾದ ಈ ಬಗೆ ಈಗ ನಮ್ಮ ಊರುಗಳ ಕ್ಲಿನಿಕ್ಕಿಗೂ ಬಂದಿದೆ.

ಇಲ್ಲಿ ರಾಳ ಅಂದರೆ ಪೈನ್ ಮರದ ಅಂಟಿನಿಂದ ಟರ್ಪೆಂಟೈನ್ ಬಟ್ಟಿ ಇಳಿಸಿದ ಮೇಲೆ ಉಳಿಯುವ ಜೇನುಬಣ್ಣದ ಗಟ್ಟಿ. ಪಿಟೀಲು ನುಡಿಸುವವರು ಕಮಾನಿಗೆ ಉಜ್ಜುತ್ತಾರಲ್ಲ, ಅದೇ. ಇದೊಂದು ಗೊತ್ತಾದರೆ ಡಾಕ್ಟರು ಹೇಳುವ 'ಅದು ತಿನ್ನಬೇಡಿ, ಇದು ಕುಡಿಯಬೇಡಿ'ಗಳಲ್ಲಿ ಮುಕ್ಕಾಲು ಪಾಲು ತಾನಾಗಿಯೇ ಅರ್ಥವಾಗುತ್ತದೆ. ರಾಳ ಬಿಸಿಗೆ ಮೆತ್ತಗಾಗುತ್ತದೆ, ಹಾಗಾಗಿ ಹೊಗೆಯಾಡುವ ಕಾಫಿ ಬೇಡ. ಆಲ್ಕೋಹಾಲಿನಲ್ಲಿ ಕರಗುತ್ತದೆ, ಹಾಗಾಗಿ ಬಿಯರ್, ವಿಸ್ಕಿ ಮಾತ್ರವಲ್ಲ, ಆಲ್ಕೋಹಾಲ್ ಇರುವ ಮೌತ್‌ವಾಶ್ ಕೂಡ ಆ ದಿನ ಬೇಡ. ಒರಟಾದದ್ದು ತಾಗಿದರೆ ಕೆರೆದು ಹೋಗುತ್ತದೆ, ಅಲ್ಲಿಗೆ ಚಕ್ಕುಲಿ, ನಿಪ್ಪಟ್ಟು, ಕಟಕ್ ರೊಟ್ಟಿ ಔಟ್. ಕಡಲೆ ಚಿಕ್ಕಿಯಂತೂ ಎರಡು ಪಟ್ಟು ತೊಂದರೆ, ಗಟ್ಟಿಯೂ ಹೌದು, ಅಂಟೂ ಹೌದು. ರಾಳದ ಅಲರ್ಜಿ ಇರುವವರು ಇದನ್ನು ಹಚ್ಚಿಸಿಕೊಳ್ಳುವಂತೆಯೇ ಇಲ್ಲ. ಅದನ್ನು ಮೊದಲೇ ಹೇಳಬೇಕು.

ಮಗಳ ಬಾಯಲ್ಲಿ ನಡೆದದ್ದು ಎರಡು ನಿಮಿಷದ ಕೆಲಸ. ಹಲ್ಲನ್ನು ಗಾಜ್ ಬಟ್ಟೆಯಲ್ಲಿ ಒರೆಸಿದರು, ಉಗುರುಬಣ್ಣದ ಬ್ರಷ್ಷಿಗಿಂತ ಚಿಕ್ಕ ಬ್ರಷ್ಷನ್ನು ಅಂಟಂಟು ದ್ರಾವಣದಲ್ಲಿ ಅದ್ದಿ ಒಂದೊಂದೇ ಹಲ್ಲಿಗೆ ಸವರಿದರು. ಬಾಗಿಲಿನ ವಾರ್ನಿಷ್ ಒಣಗಲು ಬಿಸಿಲು ಗಾಳಿ ಬೇಕು. ಇದು ತದ್ವಿರುದ್ಧ, ಎಂಜಲು ತಾಗಿದ ಕೂಡಲೇ ಕೂತುಬಿಡುತ್ತದೆ. ಹಲ್ಲೆಲ್ಲ ಹಳದಿ ತಿರುಗಿದ್ದು ನೋಡಿ ಅವಳು ಕನ್ನಡಿ ಮುಂದೆ ಅಳು ಶುರು ಮಾಡಿದಳು. ಅದು ರಾಳದ ಬಣ್ಣ, ಹಲ್ಲಿನದಲ್ಲ. ಮಾರನೇ ದಿನ ಬ್ರಷ್ ಮಾಡಿದರೆ ಹೋಗುತ್ತದೆ. ಬಿಳಿ ವಾರ್ನಿಷ್‌ಗಳೂ ಬಂದಿವೆ, ಮುಂದಿನ ಸಲ ಅದನ್ನೇ ಕೇಳುವುದು.

ಈ ಪದರವೇ ಹಲ್ಲನ್ನು ಕಾಯುತ್ತದೆ ಅಂದುಕೊಂಡರೆ ತಪ್ಪು. ಅದು ಫ್ಲೋರೈಡನ್ನು ಹಲ್ಲಿಗೆ ಒತ್ತಿ ಹಿಡಿದಿಡುವ ಪಟ್ಟಿ, ಅಷ್ಟೆ. ಅದು ಕೂತಿರುವ ಗಂಟೆಗಳಲ್ಲಿ ಫ್ಲೋರೈಡ್ ಹೊರಬಂದು, ಕ್ಯಾಲ್ಸಿಯಂ ಜೊತೆ ಸೇರಿ, ಹಲ್ಲಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕ್ಯಾಲ್ಸಿಯಂ ಫ್ಲೋರೈಡ್ ಕಣಗಳಾಗಿ ಉಳಿಯುತ್ತದೆ. ಆಮೇಲೆ ಯಾವತ್ತೋ ಮಗು ಚಾಕೊಲೇಟ್ ತಿಂದು, ಬಾಯಿಯ ಬ್ಯಾಕ್ಟೀರಿಯಾ ಆ ಸಕ್ಕರೆಯನ್ನು ಹುಳಿ ಮಾಡಿದಾಗ ಈ ಕಣಗಳು ಕರಗಿ ಫ್ಲೋರೈಡ್ ಬಿಡುತ್ತವೆ, ಹಲ್ಲು ಕಳೆದುಕೊಂಡ ಖನಿಜ ವಾಪಸ್ ಕೂರಲು ನೆರವಾಗುತ್ತವೆ. ಪಟ್ಟಿಯನ್ನು ಬೇಗ ಕಿತ್ತರೆ ಈ ಇಡುಗಂಟು ಕಮ್ಮಿಯಾಗುತ್ತದೆ. ಹಲ್ಲಿಗೇನೂ ಪೆಟ್ಟಾಗುವುದಿಲ್ಲ, ಕೊಟ್ಟ ದುಡ್ಡು ಪೂರ್ತಿ ಕೈಗೆ ಹತ್ತುವುದಿಲ್ಲ, ಅಷ್ಟೇ.

ಜನ ಗೊಂದಲಕ್ಕೆ ಬೀಳುವುದು ಸಮಯದ ವಿಷಯದಲ್ಲಿ. ಒಬ್ಬರು ಅರ್ಧ ಗಂಟೆ ಅನ್ನುತ್ತಾರೆ, ಇನ್ನೊಬ್ಬರು ರಾತ್ರಿವರೆಗೆ. ಇಬ್ಬರದ್ದೂ ಸರಿ, ಮಾತಾಡುತ್ತಿರುವುದು ಬೇರೆ ಬೇರೆ ಚಿಕಿತ್ಸೆಯ ಬಗ್ಗೆ. ಜೆಲ್ ಅನ್ನುವುದು ತಟ್ಟೆಯಂಥ ಅಚ್ಚಿನಲ್ಲಿ ತುಂಬಿ 4 ನಿಮಿಷ ಕಚ್ಚಿ ಹಿಡಿಸುವ ಹುಳಿ ದ್ರಾವಣ. ಅದನ್ನು ಉಗಿದ ಮೇಲೆ 30 ನಿಮಿಷ ನೀರೂ ಇಲ್ಲ, ಊಟವೂ ಇಲ್ಲ, ಬಾಯಿ ಮುಕ್ಕಳಿಸುವುದೂ ಇಲ್ಲ. ಆಮೇಲೆ ಏನು ಬೇಕಾದರೂ ಸರಿ. ವಾರ್ನಿಷ್‌ನಲ್ಲಿ ತಣ್ಣೀರನ್ನು ಆಗಲೇ ಕುಡಿಯಬಹುದು, ಮೆತ್ತನೆಯದನ್ನು ತಿನ್ನಬಹುದು. ಆದರೆ ಬಿಸಿ, ಗಟ್ಟಿ, ಅಂಟು ಇವುಗಳಿಗೆ ಸಾಮಾನ್ಯವಾಗಿ 4ರಿಂದ 6 ಗಂಟೆ ರಜೆ. ಬ್ರಷ್ ಮಾಡುವುದನ್ನು ಬಹಳಷ್ಟು ಡಾಕ್ಟರು ಮಾರನೇ ಬೆಳಿಗ್ಗೆಗೆ ದೂಡುತ್ತಾರೆ. ಕಂಪನಿಯಿಂದ ಕಂಪನಿಗೆ ಗಂಟೆ ಹೆಚ್ಚುಕಮ್ಮಿ ಇರುವುದರಿಂದ ಎದ್ದು ಬರುವ ಮುಂಚೆ 'ಹಚ್ಚಿದ್ದು ಜೆಲ್ಲೋ ವಾರ್ನಿಷ್ಷೋ, ಎಷ್ಟು ಗಂಟೆ?' ಎಂದು ಕೇಳಿಕೊಂಡುಬಿಡಿ.

ಹಾಗಾದರೆ ಊಟಕ್ಕೇನು? ಮೊಸರನ್ನ, ಆರಿದ ಇಡ್ಲಿ, ಬಾಳೆಹಣ್ಣು, ತಣ್ಣನೆ ಉಪ್ಪಿಟ್ಟು. ನನ್ನ ಲೆಕ್ಕದಲ್ಲಿ ಈ ದಿನಕ್ಕೆಂದೇ ಹುಟ್ಟಿದ ಊಟ ರಾಗಿ ಮುದ್ದೆ, ಯಾಕೆಂದರೆ ಅದನ್ನು ಅಗಿಯುವವರೇ ಇಲ್ಲ, ನುಂಗುವವರೇ ಎಲ್ಲ. ಸಾರು ಮಾತ್ರ ಉಗುರುಬೆಚ್ಚಗಿರಲಿ. ನಮ್ಮ ಮನೆಯಲ್ಲಿ ದೊಡ್ಡಮ್ಮ 'ಪಾಪ, ಮಗು ಹಸಿದಿದೆ' ಎಂದು ಕುದಿಯುವ ಹಾಲು ತಂದಿಟ್ಟರು. ಲೋಟ ನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಕೂತ ಮೇಲೆಯೇ ಮಗಳ ಕೈಸೇರಿದ್ದು.

ನುಂಗಿದರೆ? ಈ ಭಯ ಸಹಜ. ಟೂತ್‌ಪೇಸ್ಟಿನಲ್ಲಿ ಫ್ಲೋರೈಡ್ ದಶಲಕ್ಷಕ್ಕೆ ಸುಮಾರು 1,000 ಭಾಗ ಇದ್ದರೆ ವಾರ್ನಿಷ್‌ನಲ್ಲಿ 22,600. ಆದರೆ ಹಾಲುಹಲ್ಲಿನ ಬಾಯಿಗೆ ಸವರುವುದು ಕಾಲು ಮಿಲಿಲೀಟರ್, ಅದರಲ್ಲಿ ಫ್ಲೋರೈಡ್ ಆರು ಮಿಲಿಗ್ರಾಂ ಕೂಡ ಇಲ್ಲ. ತುರ್ತು ಚಿಕಿತ್ಸೆ ಬೇಕು ಎನ್ನುವ ಮಟ್ಟ ದೇಹತೂಕದ ಪ್ರತಿ ಕಿಲೋಗೆ 5 ಮಿಲಿಗ್ರಾಂ. 15 ಕಿಲೋ ಮಗುವಿಗೆ 75 ಆಯಿತು. ಜೊತೆಗೆ ವಾರ್ನಿಷ್ ಅಂಟಿಕೊಂಡು ನಿಧಾನವಾಗಿ ಬಿಡುತ್ತದೆ. ಜೆಲ್ ಹಾಗಲ್ಲ, ಚಿಕ್ಕವರು ಗುಟಕ್ಕನೆ ನುಂಗಿ ವಾಂತಿ ಮಾಡಿಕೊಳ್ಳುವುದುಂಟು. ಅದಕ್ಕೇ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ 2013ರಲ್ಲಿ 6 ವರ್ಷದ ಒಳಗಿನವರಿಗೆ ವಾರ್ನಿಷ್ ಒಂದನ್ನೇ ಸೂಚಿಸಿತು.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯವರಿಗೆ ಫ್ಲೋರೈಡ್ ಅನ್ನುವ ಪದವೇ ಬೇರೆ ಅರ್ಥದ್ದು. ಅಲ್ಲಿ ಅದು ಆಳದ ಬೋರ್‌ವೆಲ್ ನೀರಿನ ಜೊತೆ ಬಂದು ಹಲ್ಲಿಗೆ ಕಂದು ಕಲೆ, ಬೆನ್ನಿಗೆ ಬಾಗು ತಂದ ವಸ್ತು. 'ಅದನ್ನೇ ದುಡ್ಡು ಕೊಟ್ಟು ಹಚ್ಚಿಸಿಕೊಳ್ಳಬೇಕಾ?' ಎಂದು ಅವರು ಕೇಳಿದರೆ ನ್ಯಾಯವೇ. ವ್ಯತ್ಯಾಸ ಇರುವುದು ದಾರಿಯಲ್ಲಿ. ಕಲೆ ಬೀಳುವುದು ಹಲ್ಲು ಇನ್ನೂ ದವಡೆಯೊಳಗೆ ಕಟ್ಟಿಕೊಳ್ಳುತ್ತಿರುವ ವಯಸ್ಸಿನಲ್ಲಿ ದಿನವೂ ಹೊಟ್ಟೆಗಿಳಿದ ಫ್ಲೋರೈಡಿನಿಂದ. ವಾರ್ನಿಷ್ ಹೊರಗೆ ಬಂದ ಹಲ್ಲಿನ ಮೈಮೇಲೆ, ಮೂರರಿಂದ ಆರು ತಿಂಗಳಿಗೊಮ್ಮೆ ಕೂರುವಂಥದು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಒಳ್ಳೆಯದು, ಬೇರೆ ಮೂಲವಿಲ್ಲದಿದ್ದರೆ 1.5ರ ತನಕ ನಡೆಯುತ್ತದೆ ಎನ್ನುತ್ತದೆ ಭಾರತೀಯ ಮಾನಕ. ಮನೆಯ ಬೋರ್ ನೀರು ಅದಕ್ಕಿಂತ ಮೇಲಿದ್ದರೆ ಡಾಕ್ಟರು ಬ್ರಷ್ ಎತ್ತುವ ಮೊದಲೇ ಹೇಳಿ, ಪರೀಕ್ಷೆಯ ಚೀಟಿ ಇದ್ದರೆ ತೋರಿಸಿ.