ನಡೆಯುತ್ತಿರುವ ಯುದ್ಧ ಮತ್ತು ಜನಾಭಿಪ್ರಾಯ: ವಿಯೆಟ್ನಾಂ ಪ್ರಸಂಗದ ಅಧ್ಯಯನ ಟಿಪ್ಪಣಿ

ಯುದ್ಧಕ್ಕೆ ಇಳಿಯಬೇಕೇ ಎಂಬ ಪ್ರಶ್ನೆ ಬೇರೆ, ಇಳಿದ ಮೇಲೆ ಮುಂದುವರಿಸಬೇಕೇ ಎಂಬ ಪ್ರಶ್ನೆ ಬೇರೆ. ಎರಡನೆಯದು ಏಳುವ ಹೊತ್ತಿಗೆ ಸೈನಿಕರು ರಣರಂಗದಲ್ಲಿರುತ್ತಾರೆ, ಸತ್ತವರ ಲೆಕ್ಕ ಶುರುವಾಗಿರುತ್ತದೆ, ಸರ್ಕಾರದ ಮಾನವೂ ಪಣಕ್ಕೆ ಬಿದ್ದಿರುತ್ತದೆ. ಮೈಸೂರಿನಲ್ಲಿ ರಾಜ್ಯಶಾಸ್ತ್ರ ಎಂ.ಎ.ಗೂ ಸ್ಪರ್ಧಾತ್ಮಕ ಪರೀಕ್ಷೆಗಳಿಗೂ ಒಟ್ಟಾಗಿ ಓದುತ್ತಿರುವ ನಮ್ಮ ಗುಂಪಿಗಾಗಿ ಈ ಎರಡನೆಯ ಪ್ರಶ್ನೆಯನ್ನು ಅಮೆರಿಕ ವಿಯೆಟ್ನಾಮಿನಲ್ಲಿ ನಡೆಸಿದ ಯುದ್ಧದ ಮೂಲಕ ವಿವರಿಸುತ್ತಿದ್ದೇನೆ. ಟಿವಿಯಲ್ಲಿ ಯುದ್ಧ ನೋಡಿ ಜನ ಮನಸ್ಸು ಬದಲಿಸಿದರು, ವಿದ್ಯಾರ್ಥಿಗಳು ಬೀದಿಗಿಳಿದರು, ಸರ್ಕಾರ ಮಣಿಯಿತು ಎಂದು ಗೈಡುಗಳು ಕೊಡುವ ಉತ್ತರ ಸುಲಭವಾಗಿ ನೆನಪಿನಲ್ಲಿ ಉಳಿಯುತ್ತದೆ. ಆದರೆ ಅಂಕಿಅಂಶಗಳ ಮುಂದೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

1964ರ ಆಗಸ್ಟ್‌ನಲ್ಲಿ ಟಾಂಕಿನ್ ಕೊಲ್ಲಿಯ ಘಟನೆಯ (ಉತ್ತರ ವಿಯೆಟ್ನಾಂ ಅಮೆರಿಕದ ನೌಕೆಗಳ ಮೇಲೆ ದಾಳಿ ಮಾಡಿತೆಂಬ ವರದಿಯ) ನಂತರ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ಸೇನಾ ಕ್ರಮದ ಅಧಿಕಾರ ನೀಡುವ ನಿರ್ಣಯ ಅಮೆರಿಕದ ಪ್ರತಿನಿಧಿ ಸಭೆಯಲ್ಲಿ 416–0 ಮತಗಳಿಂದ, ಸೆನೆಟ್‌ನಲ್ಲಿ 88–2 ಮತಗಳಿಂದ ಅಂಗೀಕಾರವಾಯಿತು. ವಿರುದ್ಧ ಮತ ಹಾಕಿದ ಇಬ್ಬರು ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರೂನಿಂಗ್. ಪರೀಕ್ಷೆಗೆ ಈ ನಿರ್ಣಯವನ್ನಷ್ಟೇ ಓದಿಕೊಂಡರೆ ಸಾಲದು. 1965ರ ಮೇ ತಿಂಗಳಲ್ಲಿ ಜಾನ್ಸನ್ ಯುದ್ಧಕ್ಕೆಂದು 70 ಕೋಟಿ ಡಾಲರ್ ಹೆಚ್ಚುವರಿ ಹಣ ಕೇಳಿದ್ದು ನನ್ನ ದೃಷ್ಟಿಯಲ್ಲಿ ಇನ್ನೂ ಮುಖ್ಯವಾದ ಸಂಗತಿ. ಹಣಕ್ಕೆ ಒಪ್ಪಿಗೆ ಕೊಡುವವರು ಅಧ್ಯಕ್ಷರ ಯುದ್ಧನೀತಿಗೇ ಒಪ್ಪಿಗೆ ಕೊಟ್ಟಂತೆ ಎಂಬ ಅರ್ಥ ಬರುವಂತೆ ಅವರು ಆ ಬೇಡಿಕೆಯನ್ನು ಮುಂದಿಟ್ಟರು. ಸೈನಿಕರು ಆಗಲೇ ಅಲ್ಲಿದ್ದುದರಿಂದ, ಒಳಗೊಳಗೆ ಅನುಮಾನವಿದ್ದವರೂ ಅದಕ್ಕೆ ಮತ ಹಾಕಿದರು. ಮುಂದಿನ ಎಂಟು ವರ್ಷಗಳ ಚರ್ಚೆಯೆಲ್ಲ ಈ ಕಟ್ಟಿನೊಳಗೇ ನಡೆಯಿತು ಎಂದರೆ ತಪ್ಪಾಗದು.

ಇನ್ನು ಸಮೀಕ್ಷೆಗಳಿಗೆ ಬರೋಣ. ವಿಯೆಟ್ನಾಮಿಗೆ ಸೇನೆ ಕಳಿಸಿದ್ದು ತಪ್ಪಾಯಿತೇ ಎಂದು ಗ್ಯಾಲಪ್ ಸಂಸ್ಥೆ ವರ್ಷಗಳ ಕಾಲ ಕೇಳುತ್ತಾ ಹೋಯಿತು. 1965ರ ಆಗಸ್ಟ್‌ನಲ್ಲಿ ತಪ್ಪು ಎಂದವರು ಶೇ. 24 ಮಾತ್ರ, 1971ರ ವೇಳೆಗೆ ಅವರ ಪ್ರಮಾಣ ಶೇ. 60ರ ಆಸುಪಾಸಿಗೆ ಏರಿತ್ತು. ನಡುವಿನ ತಿರುವನ್ನು ಎಲ್ಲರೂ 1968ರ ಜನವರಿ ಕೊನೆಯ ಟೆಟ್ ದಾಳಿಗೆ, ಅಂದರೆ ದಕ್ಷಿಣ ವಿಯೆಟ್ನಾಮಿನ ನಗರಗಳ ಮೇಲೆ ಕಮ್ಯುನಿಸ್ಟ್ ಪಡೆಗಳು ನಡೆಸಿದ ದೊಡ್ಡ ದಾಳಿಗೆ, ಕಟ್ಟುತ್ತಾರೆ. ಆದರೆ ತಪ್ಪು ಎಂದವರು ತಪ್ಪಲ್ಲ ಎಂದವರನ್ನು ಮೊದಲು ಮೀರಿದ್ದು 1967ರ ಅಕ್ಟೋಬರ್‌ನಲ್ಲಿ, ಅಂದರೆ ಟೆಟ್‌ಗೆ ಮೂರು ತಿಂಗಳು ಮೊದಲೇ. ರಾಜ್ಯಶಾಸ್ತ್ರಜ್ಞ ಜಾನ್ ಮುಲ್ಲರ್ 1970ರ ದಶಕದ ಆರಂಭದಲ್ಲಿ ಕೊರಿಯಾ ಯುದ್ಧವನ್ನೂ ವಿಯೆಟ್ನಾಂ ಯುದ್ಧವನ್ನೂ ಹೋಲಿಸಿ, ಸಾವುನೋವು ಹೆಚ್ಚಿದಂತೆ ಬೆಂಬಲ ಕುಸಿಯುತ್ತದೆ, ಆರಂಭದ ಸಾವುಗಳಿಗೆ ವೇಗವಾಗಿ ಮತ್ತು ನಂತರದ ಸಾವುಗಳಿಗೆ ನಿಧಾನವಾಗಿ ಕುಸಿಯುತ್ತದೆ ಎಂದು ತೋರಿಸಿದರು. ಕೊರಿಯಾ ಕಾಲದಲ್ಲಿ ಮನೆಮನೆಗೆ ಟಿವಿ ವರದಿ ಬರುತ್ತಿರಲಿಲ್ಲ, ಬೀದಿ ಚಳವಳಿಯೂ ಹೇಳಿಕೊಳ್ಳುವಷ್ಟಿರಲಿಲ್ಲ; ಆದರೂ ಕುಸಿತದ ಮಾದರಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಟಿವಿಯೇ ಕಾರಣ ಎಂಬ ವಾದಕ್ಕೆ ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿಲ್ಲ.

ಇಲ್ಲಿಯೇ ಹೆಚ್ಚು ಎಚ್ಚರ ಬೇಕಾದ ವಿಷಯವಿದೆ. ಅಸಮಾಧಾನಗೊಂಡವರೆಲ್ಲರೂ ಒಂದೇ ನಿಲುವಿನವರಲ್ಲ. ಕಾವೇರಿ ವಿಚಾರದಲ್ಲಿ ಸರ್ಕಾರದ ನಡೆ ನಿಮಗೆ ಸಮಾಧಾನ ತಂದಿದೆಯೇ ಎಂದು ಮಂಡ್ಯದಲ್ಲಿ ಕೇಳಿದಿರಿ ಎಂದುಕೊಳ್ಳಿ. ಕೆಆರ್‌ಎಸ್‌ನಿಂದ ಒಂದು ಹನಿಯನ್ನೂ ಬಿಡಬಾರದಿತ್ತು ಎನ್ನುವ ಕಬ್ಬಿನ ರೈತರೂ ಇಲ್ಲವೆನ್ನುತ್ತಾರೆ, ಮೊದಲೇ ಕೂತು ಮಾತಾಡಿ ಸಂಕಷ್ಟ ಹಂಚಿಕೆಯ ಸೂತ್ರಕ್ಕೆ ಬರಬೇಕಿತ್ತು ಎನ್ನುವವರೂ ಇಲ್ಲವೆನ್ನುತ್ತಾರೆ. ಇಬ್ಬರನ್ನೂ ಒಂದೇ ಕಾಲಮಿನಲ್ಲಿ ಕೂಡಿಸಿ ಜನ ಇಂಥದ್ದನ್ನು ಬಯಸುತ್ತಿದ್ದಾರೆ ಎಂದು ಬರೆದರೆ ಆ ವಾಕ್ಯಕ್ಕೆ ಅರ್ಥವೇ ಇರುವುದಿಲ್ಲ. 1968ರ ಮಾರ್ಚ್ 12ರಂದು ನ್ಯೂ ಹ್ಯಾಂಪ್‌ಶೈರ್‌ನ ಪ್ರಾಥಮಿಕ ಚುನಾವಣೆಯಲ್ಲಿ (ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಮತದಾನದಲ್ಲಿ) ಜಾನ್ಸನ್ ಅವರದೇ ಪಕ್ಷದ ಯುದ್ಧವಿರೋಧಿ ಸೆನೆಟರ್ ಯೂಜಿನ್ ಮೆಕಾರ್ಥಿ ಸುಮಾರು ಶೇ. 42 ಮತ ಪಡೆದು ಜಾನ್ಸನ್ ಅವರನ್ನು ಕಂಗೆಡಿಸಿದಾಗ ಪತ್ರಿಕೆಗಳು ಮಾಡಿದ್ದು ಇಂಥದೇ ಕೆಲಸ. ಆ ಮತದಾರರ ಅಭಿಪ್ರಾಯಗಳನ್ನು ನಂತರ ಪರಿಶೀಲಿಸಿದ ವಿದ್ವಾಂಸರಿಗೆ, ಮೆಕಾರ್ಥಿಗೆ ಮತ ಹಾಕಿದವರಲ್ಲಿ ಜಾನ್ಸನ್ ಸಾಕಷ್ಟು ಕಠಿಣವಾಗಿ ಯುದ್ಧ ಮಾಡುತ್ತಿಲ್ಲ ಎಂದು ಸಿಟ್ಟಾಗಿದ್ದವರೇ ಹೆಚ್ಚಾಗಿದ್ದುದು ಕಂಡುಬಂತು. ಅದೇ ತಿಂಗಳ 31ರಂದು ಜಾನ್ಸನ್ ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಘೋಷಿಸಿದರು.

ಯಾರು ಬೆಂಬಲಿಸಿದರು ಎಂಬುದೂ ನಮ್ಮ ಊಹೆಗೆ ತದ್ವಿರುದ್ಧವಾಗಿದೆ. ಮೂವತ್ತರ ಒಳಗಿನವರು ಐವತ್ತು ದಾಟಿದವರಿಗಿಂತ ಹೆಚ್ಚು ಪ್ರಮಾಣದಲ್ಲಿ ಯುದ್ಧವನ್ನು ಬೆಂಬಲಿಸಿದ್ದರು. ಆರಂಭದ ವರ್ಷಗಳಲ್ಲಿ ಕಾಲೇಜು ಓದಿದವರ ಬೆಂಬಲ ಓದದವರದ್ದಕ್ಕಿಂತ ಹೆಚ್ಚಿತ್ತು. ಮಹಿಳೆಯರು ಮತ್ತು ಕರಿಯ ಅಮೆರಿಕನ್ನರು ಉಳಿದವರಿಗಿಂತ ಹೆಚ್ಚು ವಿರೋಧಿಸಿದರು. ಕ್ಯಾಂಪಸ್ಸಿನಲ್ಲಿ ಕಂಡ ವಿರೋಧವನ್ನು ಇಡೀ ಯುವಜನತೆಯ ವಿರೋಧ ಎಂದು ಓದಿಕೊಂಡದ್ದರಿಂದ ಈ ಸಂಗತಿ ಮರೆಗೆ ಸರಿಯಿತು. ಪ್ರತಿಭಟನಕಾರರು ಜನಪ್ರಿಯರಾಗಿದ್ದರು ಎಂದೂ ಭಾವಿಸಬಾರದು. 1969ರ ನವೆಂಬರ್ 3ರ ಭಾಷಣದಲ್ಲಿ ಹೊಸ ಅಧ್ಯಕ್ಷ ರಿಚರ್ಡ್ ನಿಕ್ಸನ್ ಬೀದಿಗಿಳಿಯದ ಮೌನ ಬಹುಸಂಖ್ಯಾತರ ಬೆಂಬಲ ಕೋರಿದ್ದು ಈ ನಾಡಿಮಿಡಿತ ಅರಿತೇ. 1970ರ ಮೇ 4ರಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದ ನಾಲ್ಕೇ ದಿನಕ್ಕೆ ನ್ಯೂಯಾರ್ಕಿನಲ್ಲಿ ಕಟ್ಟಡ ಕಾರ್ಮಿಕರು ಯುದ್ಧವಿರೋಧಿ ಮೆರವಣಿಗೆಯ ಮೇಲೆ ಬಿದ್ದರು.

ಹಾಗಾದರೆ ಬದಲಾದ ಅಭಿಪ್ರಾಯ ಸರ್ಕಾರವನ್ನು ತಲುಪಿದ್ದು ಹೇಗೆ? ಬಹಳ ತಡವಾಗಿ, ಖಜಾನೆಯ ಬಾಗಿಲಿನಿಂದ. ಸೇನಾ ವಾಪಸಾತಿಗೆ ಗಡುವು ಹಾಕುವ ಮೆಕ್‌ಗವರ್ನ್–ಹ್ಯಾಟ್‌ಫೀಲ್ಡ್ ತಿದ್ದುಪಡಿ 1970ರ ಸೆಪ್ಟೆಂಬರ್‌ನಲ್ಲಿ ಸೆನೆಟ್‌ನಲ್ಲಿ 55–39ರಿಂದ ಬಿದ್ದುಹೋಯಿತು. ಟಾಂಕಿನ್ ನಿರ್ಣಯವೇ 1971ರ ಜನವರಿಯಲ್ಲಿ ರದ್ದಾಯಿತು. ಆದರೂ ಯುದ್ಧ ಎರಡು ವರ್ಷ ನಡೆಯಿತು. ಕದನ ನಿಲ್ಲಿಸುವ ಪ್ಯಾರಿಸ್ ಒಪ್ಪಂದಕ್ಕೆ ಸಹಿ ಬಿದ್ದು, 1973ರ ಮಾರ್ಚ್‌ನಲ್ಲಿ ಕೊನೆಯ ಕಾದಾಟದ ತುಕಡಿಗಳೂ ಹೊರಟುಹೋದ ಮೇಲೆ, ಅದೇ ವರ್ಷದ ಆಗಸ್ಟ್ 15ರ ನಂತರ ಇಂಡೋಚೀನಾದಲ್ಲಿ (ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾಗಳಲ್ಲಿ) ಸೇನಾ ಕಾರ್ಯಾಚರಣೆಗೆ ಹಣವಿಲ್ಲ ಎಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಟ್ಟುಮಾಡಿತು. ಇದರಿಂದ ನಿಜಕ್ಕೂ ನಿಂತದ್ದು ಕಾಂಬೋಡಿಯಾದ ಮೇಲಿನ ಬಾಂಬ್ ದಾಳಿ. ನವೆಂಬರ್‌ನಲ್ಲಿ ನಿಕ್ಸನ್ ಅವರ ವೀಟೊ ಮೀರಿ ಅಂಗೀಕಾರವಾದ ಯುದ್ಧಾಧಿಕಾರ ನಿರ್ಣಯದ ಪ್ರಕಾರ ಅಧ್ಯಕ್ಷರು ಸೇನೆಯನ್ನು ಕದನಕ್ಕಿಳಿಸಿದ 48 ಗಂಟೆಗಳೊಳಗೆ ಕಾಂಗ್ರೆಸ್ಸಿಗೆ ವರದಿ ಕೊಡಬೇಕು. ಒಪ್ಪಿಗೆಯಿಲ್ಲದೆ 60 ದಿನ ದಾಟಿದರೆ ಸೇನೆ ಹಿಂದೆಗೆಯಬೇಕು, ಹಿಂದೆಗೆತಕ್ಕೆ ಇನ್ನೂ 30 ದಿನಗಳ ಅವಕಾಶವಿದೆ. ಅದನ್ನು ಅಧ್ಯಕ್ಷರು ಎಷ್ಟು ಪಾಲಿಸಿದ್ದಾರೆ ಎಂಬುದು ಪ್ರತ್ಯೇಕ ಟಿಪ್ಪಣಿಯನ್ನೇ ಬೇಡುತ್ತದೆ.

ಭಾರತಕ್ಕೆ ಹೋಲಿಸಲು ಪ್ರಶ್ನೆ ಬಂದರೆ ಶ್ರೀಲಂಕಾಕ್ಕೆ ಭಾರತ ಕಳಿಸಿದ ಶಾಂತಿಪಾಲನಾ ಪಡೆಯ ಉದಾಹರಣೆ ಹೆಚ್ಚು ಹೊಂದುತ್ತದೆ. ನಮ್ಮ ಸಂವಿಧಾನದ ಕೇಂದ್ರ ಪಟ್ಟಿಯ 15ನೆಯ ನಮೂದು ಯುದ್ಧ ಮತ್ತು ಶಾಂತಿ. ಆದರೆ ಸೇನೆಯನ್ನು ಹೊರದೇಶಕ್ಕೆ ಕಳಿಸುವ ಮುನ್ನ ಸಂಸತ್ತಿನ ಒಪ್ಪಿಗೆ ಕಡ್ಡಾಯ ಎನ್ನುವ ವಿಧಿಯಿಲ್ಲ. 1987ರ ಜುಲೈ 29ರ ರಾಜೀವ್ ಗಾಂಧಿ–ಜಯವರ್ಧನೆ ಒಪ್ಪಂದದಂತೆ ಹೋದ ಪಡೆ ಅಕ್ಟೋಬರ್ ವೇಳೆಗೆ ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಹೋರಾಡುತ್ತಿದ್ದ ಎಲ್‌ಟಿಟಿಇ ಜೊತೆಗೇ ಕಾದಾಟಕ್ಕಿಳಿದು ಸಾವಿರಕ್ಕೂ ಹೆಚ್ಚು ಯೋಧರನ್ನು ಕಳೆದುಕೊಂಡಿತು. ಅದನ್ನು ಹಿಂದಕ್ಕೆ ಕರೆಸಿದ್ದು ಇಲ್ಲಿನ ಜನಾಭಿಪ್ರಾಯವೊಂದೇ ಎಂದು ಬರೆಯಲಾಗದು, ಏಕೆಂದರೆ ಕೊಲಂಬೊದಲ್ಲಿ ಅಧ್ಯಕ್ಷ ಪ್ರೇಮದಾಸ 1989ರಲ್ಲೇ ಪಡೆ ಹೊರಡಲಿ ಎಂದು ಒತ್ತಾಯಿಸಿದ್ದರು; ಅದೇ ವರ್ಷದ ಕೊನೆಗೆ ದೆಹಲಿಯಲ್ಲಿ ವಿ.ಪಿ. ಸಿಂಗ್ ಸರ್ಕಾರವೂ ಬಂದಿತ್ತು. 1990ರ ಮಾರ್ಚ್‌ನಲ್ಲಿ ಮದ್ರಾಸಿಗೆ ಮರಳಿದ ಕೊನೆಯ ತುಕಡಿಗಳ ಸ್ವಾಗತಕ್ಕೆ ತಮಿಳುನಾಡಿನ ಮುಖ್ಯಮಂತ್ರಿ ಎಂ. ಕರುಣಾನಿಧಿ ಹೋಗಲಿಲ್ಲ. ಅಮೆರಿಕದಲ್ಲಿ ಯುದ್ಧವಿರೋಧಿ ಸೆನೆಟರುಗಳು ಸೈನಿಕರ ಹೆಸರಿನಲ್ಲಿ ಹಣಕ್ಕೆ ಒಪ್ಪುತ್ತಿದ್ದರೆ, ಇಲ್ಲಿ ನೀತಿಯ ಮೇಲಿನ ಸಿಟ್ಟು ಸೈನಿಕರ ಸ್ವಾಗತದವರೆಗೂ ಹೋಯಿತು. ಈ ವ್ಯತ್ಯಾಸವನ್ನು ವಿವರಿಸಲು ಹೊರಡುವವರು ಆ ಯುದ್ಧದಲ್ಲಿ ಸತ್ತ ಶ್ರೀಲಂಕಾದ ತಮಿಳರನ್ನು ತಮಿಳುನಾಡು ತನ್ನವರೆಂದೇ ಎಣಿಸಿತ್ತು ಎಂಬಲ್ಲಿಂದ ಆರಂಭಿಸಬಹುದು.