‘ಬರೀ ವಿಟಮಿನ್ ಡಾಕ್ಟ್ರೇ’

ಯಾವ ಔಷಧಿ ತಗೊಳ್ತಿದ್ದೀರಿ ಅಂತ ಕೇಳಿದರೆ ಜನ ಬಿಪಿ ಮಾತ್ರೆ, ಶುಗರ್ ಮಾತ್ರೆಗಳ ಹೆಸರು ಹೇಳಿ ನಿಲ್ಲಿಸುತ್ತಾರೆ. ‘ಬೇರೆ ಇನ್ನೇನಾದರೂ? ಪುಡಿ, ಕ್ಯಾಪ್ಸೂಲ್, ಕೂದಲಿಗೆ, ನಿದ್ದೆಗೆ?’ ಎಂದು ಎರಡನೇ ಸಲ ಕೇಳಬೇಕು. ಆಗ ‘ಓ ಅದಾ, ಅದು ಬರೀ ವಿಟಮಿನ್ ಡಾಕ್ಟ್ರೇ’ ಎಂಬ ಮಾತು ಬರುತ್ತದೆ. ಆ ‘ಬರೀ’ಯೊಳಗೆ ಎಷ್ಟೋ ಸಲ ನಾಲ್ಕೈದು ಡಬ್ಬಿಗಳಿರುತ್ತವೆ.

ಸುಮ್ನೆ ಹೆದರಿಸಲು ಇದನ್ನು ಬರೆಯುತ್ತಿಲ್ಲ. ರಕ್ತ ಕಡಿಮೆ ಇರುವವರಿಗೆ ಕಬ್ಬಿಣ, ಕೊರತೆ ಇರುವವರಿಗೆ ಬಿ12, ಗರ್ಭಿಣಿಯರಿಗೆ ಫೋಲಿಕ್ ಆಸಿಡ್ ಬೇಕೇ ಬೇಕು. ಉಳಿದ ಸಪ್ಲಿಮೆಂಟ್‌ಗಳಿಂದಲೂ ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ. ಆದರೆ ಅಪರೂಪಕ್ಕೆ ಒಬ್ಬರಿಗೆ ಆದಾಗ, ಅದು ಬೇರೆ ಯಾವುದೋ ಕಾಯಿಲೆಯ ಹಾಗೆ ಕಾಣುತ್ತದೆ. ಸ್ಕ್ಯಾನ್, ರಕ್ತಪರೀಕ್ಷೆ, ದೊಡ್ಡ ಡಾಕ್ಟರು ಎಲ್ಲ ಆಗುತ್ತದೆ. ಡಬ್ಬಿಯ ಹಿಂಬದಿಯನ್ನು ಮಾತ್ರ ಯಾರೂ ಓದಿರುವುದಿಲ್ಲ.

ಬಿ6 ತಗೊಳ್ಳಿ. ದೊಡ್ಡವರಿಗೆ ದಿನಕ್ಕೆ 1.3ರಿಂದ 1.7 ಮಿಲಿಗ್ರಾಂ ಸಾಕು. ಇದು ಜಾಸ್ತಿಯಾದರೆ ನರಗಳೇ ಕೆಡುತ್ತವೆ. 1983ರಲ್ಲಿ ಅಮೆರಿಕದ ವೈದ್ಯರು ಇಂಥ ಏಳು ಜನರ ಬಗ್ಗೆ ಬರೆದರು. ಅವರು ದಿನಕ್ಕೆ 2ರಿಂದ 6 ಗ್ರಾಂ ನುಂಗುತ್ತಿದ್ದರು. ಆಮೇಲೆ ಅದಕ್ಕಿಂತ ತುಂಬಾ ಕಡಿಮೆ ಪ್ರಮಾಣದಲ್ಲೂ, ತಿಂಗಳುಗಟ್ಟಲೆ ತಗೊಂಡವರಲ್ಲಿ ಇದೇ ತೊಂದರೆ ಕಂಡಿತು. ಮೊದಲು ಪಾದದಲ್ಲಿ ಜೋಮು, ಉರಿ. ಆಮೇಲೆ ಕೈಬೆರಳು. ಕಣ್ಣು ಮುಚ್ಚಿ ನಿಂತರೆ ತೂರಾಡುವ ಹಾಗಾಗುತ್ತದೆ. ಶಕ್ತಿ ಮಾತ್ರ ಇದ್ದ ಹಾಗೇ ಇರುತ್ತದೆ. ಬೆನ್ನುಹುರಿಯ ಪಕ್ಕದಲ್ಲಿ ಸ್ಪರ್ಶವನ್ನು ಒಯ್ಯುವ ನರಕೋಶಗಳ ಗಂಟುಗಳಿವೆ. ರಕ್ತದಲ್ಲಿರುವುದು ಅಲ್ಲಿಗೆ ಸುಲಭವಾಗಿ ಇಳಿಯುತ್ತದೆ, ಹಾಗಾಗಿ ಪೆಟ್ಟು ಬೀಳುವುದು ಅಲ್ಲಿಗೇ.

ಇದರಲ್ಲಿ ನನಗೆ ತುಂಬಾ ಬೇಸರ ತರಿಸುವುದು ಏನೆಂದರೆ, ಕಾಲು ಜೋಮು ಹಿಡಿದವರು ಹುಡುಕಿಕೊಂಡು ಹೋಗುವ ‘ನರದ ಮಾತ್ರೆ’ಯಲ್ಲೇ ಬಿ6 ಇರುತ್ತದೆ. ಜೋಮು ಹೆಚ್ಚಿತು ಅಂತ ಮಾತ್ರೆಯನ್ನೂ ಹೆಚ್ಚಿಸುತ್ತಾರೆ. ಜೊತೆಗೆ ಮಲ್ಟಿವಿಟಮಿನ್‌ನಲ್ಲಿ ಒಂದಿಷ್ಟು, ಮೆಗ್ನೀಸಿಯಂ ಮಾತ್ರೆಯಲ್ಲಿ ಒಂದಿಷ್ಟು, ಎನರ್ಜಿ ಡ್ರಿಂಕ್‌ನಲ್ಲಿ ಇನ್ನೊಂದಿಷ್ಟು. ಒಂದೊಂದೇ ನೋಡಿದರೆ ಯಾವುದೂ ಅತಿ ಅನ್ನಿಸುವುದಿಲ್ಲ, ಕೂಡಿಸಿ ನೋಡಬೇಕು. ಲೇಬಲ್ ಮೇಲೆ ಬಿ6 ಎಂದೇ ಇರಬೇಕಾಗಿಲ್ಲ. ಪಿರಿಡಾಕ್ಸಿನ್ ಅಂತಲೋ ಪಿರಿಡಾಕ್ಸಲ್ ಫಾಸ್ಫೇಟ್ ಅಂತಲೋ ಇರಬಹುದು. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಇದರ ಮಿತಿಯನ್ನು ದಿನಕ್ಕೆ 25 ಮಿಲಿಗ್ರಾಂನಿಂದ 12ಕ್ಕೆ ಇಳಿಸಿತು. ಅಮೆರಿಕದಲ್ಲಿ ಮಿತಿ ಇನ್ನೂ 100 ಮಿಲಿಗ್ರಾಂ. ಇಷ್ಟು ಅಂತರ ಇರುವಾಗ ಕಡಿಮೆ ಅಂಕಿಯನ್ನೇ ಹಿಡಿಯಿರಿ ಎನ್ನುತ್ತೇನೆ.

ಇನ್ನೊಂದು ವಿಷಯ. ನಿಲ್ಲಿಸಿದ ಮೇಲೂ ಕೆಲವು ವಾರ ಜೋಮು ಹೆಚ್ಚಾಗಬಹುದು. ಆಮೇಲೆ ನಿಧಾನವಾಗಿ ಇಳಿಯುತ್ತದೆ, ಅದಕ್ಕೆ ತಿಂಗಳುಗಳೇ ಬೇಕಾಗಬಹುದು. ಕೆಲವರಲ್ಲಿ ಪೂರ್ತಿ ಹೋಗುವುದಿಲ್ಲ. ಇದು ಗೊತ್ತಿಲ್ಲದವರು ‘ನಿಲ್ಲಿಸಿದ್ದಕ್ಕೇ ಜಾಸ್ತಿಯಾಯಿತು’ ಎಂದುಕೊಂಡು ಮತ್ತೆ ಅದೇ ಮಾತ್ರೆ ಶುರು ಮಾಡಿಬಿಡುತ್ತಾರೆ.

ಬಯೋಟಿನ್ ಕಥೆ ಬೇರೆ ಥರ. ಅದು ದೇಹವನ್ನು ಕೆಡಿಸುವುದಿಲ್ಲ, ಲ್ಯಾಬ್ ರಿಪೋರ್ಟನ್ನು ಕೆಡಿಸುತ್ತದೆ. ದಿನಕ್ಕೆ 30 ಮೈಕ್ರೋಗ್ರಾಂ ಸಾಕಾಗುವ ಈ ವಿಟಮಿನ್, ಕೂದಲು ಮತ್ತು ಉಗುರಿಗೆಂದು ಮಾರುವ ಮಾತ್ರೆಗಳಲ್ಲಿ 5,000 ಅಥವಾ 10,000 ಮೈಕ್ರೋಗ್ರಾಂ ಇರುತ್ತದೆ. ಸ್ಟ್ರೆಪ್ಟಾವಿಡಿನ್ ಎಂಬ ಪ್ರೊಟೀನ್‌ಗೆ ಬಯೋಟಿನ್ ಬಲವಾಗಿ ಅಂಟಿಕೊಳ್ಳುತ್ತದೆ. ಹಾರ್ಮೋನ್ ಅಳೆಯುವ ಎಷ್ಟೋ ಕಿಟ್‌ಗಳು ಕೆಲಸ ಮಾಡುವುದು ಈ ಅಂಟಿನ ಮೇಲೆಯೇ. ರಕ್ತದಲ್ಲಿ ಬಯೋಟಿನ್ ತುಂಬಿಕೊಂಡಿದ್ದರೆ ಅದೇ ಹೋಗಿ ಆ ಜಾಗ ಹಿಡಿದುಬಿಡುತ್ತದೆ, ಲೆಕ್ಕ ತಪ್ಪುತ್ತದೆ.

ಅಂಥ ರಿಪೋರ್ಟ್ ಹೇಗಿರುತ್ತದೆ ನೋಡಿ. ಥೈರಾಯ್ಡ್ ಗ್ರಂಥಿಯನ್ನು ಚುರುಕುಗೊಳಿಸುವ ಟಿಎಸ್‌ಎಚ್ ಹಾರ್ಮೋನ್ ಪಾತಾಳಕ್ಕೆ ಇಳಿದಿದೆ, ಆ ಗ್ರಂಥಿಯೇ ಸ್ರವಿಸುವ ಟಿ4 ಮೇಲೇರಿದೆ, ಕೆಲವು ಕಿಟ್‌ಗಳಲ್ಲಿ ಥೈರಾಯ್ಡ್ ವಿರುದ್ಧದ ಪ್ರತಿಕಾಯವೂ ಪಾಸಿಟಿವ್. ಕಾಗದದ ಮೇಲೆ ಇದು ಅಪ್ಪಟ ಗ್ರೇವ್ಸ್ ಕಾಯಿಲೆ, ಅಂದರೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆ. ಎದುರಿಗೆ ಕೂತವರನ್ನು ನೋಡಿದರೆ ಕೈ ನಡುಕವಿಲ್ಲ, ನಾಡಿ ಶಾಂತವಾಗಿದೆ, ತೂಕ ಇಳಿದಿಲ್ಲ. ಇಲ್ಲಿ ಮಾತ್ರೆ ಬರೆಯುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಕೂದಲಿಗೆ ಏನಾದರೂ ತಗೊಳ್ತೀರಾ? ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಕೆಲವು ಕಿಟ್‌ಗಳಲ್ಲಿ ಹೀಗೆ ಸುಳ್ಳಾಗಿ ಕಡಿಮೆ ತೋರಿಸುತ್ತದೆ. 2017ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿದಾಗ, ಹೀಗೆ ಟ್ರೋಪೋನಿನ್ ತಪ್ಪಾಗಿ ಬಂದಿದ್ದ ಒಬ್ಬ ರೋಗಿಯ ಸಾವನ್ನೂ ಅದರಲ್ಲಿ ಹೇಳಿತ್ತು. ಥೈರಾಯ್ಡ್ ಪರೀಕ್ಷೆಗೆ ಹೋಗುವ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಿ. ಎದೆನೋವು ಎಂದು ತುರ್ತಾಗಿ ಹೋದರೆ ಕಾಯುವ ಮಾತೇ ಇಲ್ಲ. ಬಯೋಟಿನ್ ತಗೊಳ್ತಿದ್ದೇನೆ ಎಂದು ಅಲ್ಲೇ ಹೇಳಿಬಿಡಿ.

ಲಿವರ್ ವಿಷಯಕ್ಕೆ ಬಂದರೆ ಲೆಕ್ಕಾಚಾರ ಅಷ್ಟು ಸರಳವಲ್ಲ. ಗ್ರೀನ್ ಟೀ ಸಾರದ ಕ್ಯಾಪ್ಸೂಲ್, ಅರಿಶಿನದ ಕ್ಯಾಪ್ಸೂಲ್, ಅಶ್ವಗಂಧ ಇವೆಲ್ಲ ಲೇಬಲ್ಲಿನಲ್ಲಿ ಹೇಳಿದಷ್ಟೇ ತಗೊಂಡರೂ ಅಪರೂಪಕ್ಕೆ ಕೆಲವರ ಲಿವರ್ ಕೆಡಿಸಿವೆ. ಎಚ್‌ಎಲ್‌ಎ-ಬಿ 35:01 ಎಂಬ ವಂಶವಾಹಿ ಇರುವವರಿಗೆ ಗ್ರೀನ್ ಟೀ ಸಾರ ಮತ್ತು ಅರಿಶಿನದಿಂದ ಈ ಅಪಾಯ ಹೆಚ್ಚು ಎಂದು ಗೊತ್ತಾಗಿದೆ. ಅಂದರೆ ಪಕ್ಕದವರಿಗೆ ಒಗ್ಗಿದ್ದು ನಿಮಗೂ ಒಗ್ಗಬೇಕೆಂದಿಲ್ಲ. ಅಡುಗೆಯ ಅರಿಶಿನ ಕರುಳಿನಿಂದ ಮೈಗೆ ಹತ್ತುವುದೇ ಅತ್ಯಲ್ಪ. ಕ್ಯಾಪ್ಸೂಲ್‌ಗಳಲ್ಲಿ ಅದು ಚೆನ್ನಾಗಿ ಹತ್ತಲಿ ಎಂದೇ ಕಾಳುಮೆಣಸಿನ ಪೈಪರಿನ್ ಸೇರಿಸುತ್ತಾರೆ. ಹಾಗಾಗಿ ‘ಅಡುಗೆಯಲ್ಲಿ ಹಾಕುವುದೇ ಅಲ್ವಾ’ ಎಂಬ ಸಮಾಧಾನ ಕ್ಯಾಪ್ಸೂಲ್‌ಗೆ ನಡೆಯುವುದಿಲ್ಲ. ಶುರು ಮಾಡಿದ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಊಟ ಸೇರದಿರುವುದು, ವಾಕರಿಕೆ, ತುರಿಕೆ, ಗಾಢ ಬಣ್ಣದ ಮೂತ್ರ, ಹಳದಿ ಕಣ್ಣು ಕಂಡರೆ ಆ ದಿನವೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಹೆಚ್ಚಿನವರು ನಿಲ್ಲಿಸಿದರೆ ಚೇತರಿಸಿಕೊಳ್ಳುತ್ತಾರೆ. ಗುಣವಾದ ಮೇಲೆ ಪರೀಕ್ಷೆಗೆಂದು ಮತ್ತೆ ತಗೊಳ್ಳಲೇಬೇಡಿ, ಎರಡನೇ ಸಲ ಪೆಟ್ಟು ಬೇಗ ಮತ್ತು ಜೋರಾಗಿ ಬೀಳಬಹುದು.

ವಿಟಮಿನ್ ಡಿಯಲ್ಲಿ ತೊಂದರೆ ಬಹುಪಾಲು ಎಡವಟ್ಟಿನಿಂದಲೇ ಆಗುತ್ತದೆ. ವಾರಕ್ಕೊಂದು ಎಂದು ಬರೆದುಕೊಟ್ಟ ದೊಡ್ಡ ಡೋಸನ್ನು ದಿನಾ ನುಂಗುವುದು, ಅಥವಾ ಕೋರ್ಸ್ ಮುಗಿದರೂ ಮುಂದುವರಿಸುವುದು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ವಾಂತಿ, ಮಂಕು ಬರುತ್ತವೆ. ಕಿಡ್ನಿಗೂ ಪೆಟ್ಟಾಗುತ್ತದೆ. ವಿಟಮಿನ್ ಡಿ ಕೊಬ್ಬಿನಲ್ಲಿ ಕೂತುಕೊಳ್ಳುವುದರಿಂದ ನಿಲ್ಲಿಸಿದ ಮೇಲೂ ವಾರಗಟ್ಟಲೆ ಕಾಡುತ್ತದೆ. ವಿಟಮಿನ್ ಡಿಯನ್ನು ಒಡೆಯುವ ಕಿಣ್ವ ಹುಟ್ಟಿನಿಂದಲೇ ಸರಿಯಿಲ್ಲದ ಕೆಲವರಿದ್ದಾರೆ, ಅವರಿಗೆ ಸಾಧಾರಣ ಡೋಸೇ ಅತಿಯಾಗುತ್ತದೆ. ದೇಹದಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೋಟಿನ್ ಬಗ್ಗೆ ಒಂದೇ ಮಾತು: ಸಿಗರೇಟ್ ಸೇದುವವರು ಅದರ ಮಾತ್ರೆ ತಗೊಳ್ಳಬಾರದು. 1994ರಲ್ಲಿ ಪ್ರಕಟವಾದ ಫಿನ್ಲೆಂಡ್‌ನ ದೊಡ್ಡ ಅಧ್ಯಯನದಲ್ಲಿ ಅದನ್ನು ತಗೊಂಡ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚೇ ಕಂಡಿತು.

ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿಗಳನ್ನೇ ತನ್ನಿ. ಭಾರ ಅನ್ನಿಸಿದರೆ ಹಿಂಬದಿಯ ಫೋಟೋ ತೆಗೆದುಕೊಂಡು ಬನ್ನಿ, ಮುಂದಿನ ಚಿತ್ರ ಬೇಡ. ಯಾವುದನ್ನು ಯಾವ ತಿಂಗಳು ಶುರು ಮಾಡಿದಿರಿ ಎಂಬುದನ್ನೂ ಬರೆದಿಟ್ಟುಕೊಳ್ಳಿ. ತೊಂದರೆ ಶುರುವಾದ ದಿನಕ್ಕೂ ಅದಕ್ಕೂ ತಾಳೆ ಹಾಕಿದಾಗಲೇ ಅರ್ಧ ಉತ್ತರ ಸಿಗುತ್ತದೆ. ತೊಂದರೆ ಕೊಟ್ಟಿತು ಎಂಬ ಅನುಮಾನ ಇರುವ ಡಬ್ಬಿಯನ್ನು ಸಿಟ್ಟಿನಲ್ಲಿ ಎಸೆಯಬೇಡಿ. 1989ರಲ್ಲಿ ಎಲ್-ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲದ ಮಾತ್ರೆ ತಗೊಂಡವರಲ್ಲಿ ಸಾವಿರಕ್ಕೂ ಹೆಚ್ಚು ಜನ ವಿಪರೀತ ಸ್ನಾಯುನೋವಿನಿಂದ ನರಳಿದರು, ಹಲವರು ಸತ್ತರು. ತಯಾರಿಕೆಯಲ್ಲಿ ಸೇರಿಕೊಂಡ ಕಲ್ಮಶದ ಮೇಲೆ ಅನುಮಾನ ಬಿದ್ದದ್ದು, ಉಳಿದ ಮಾತ್ರೆಗಳನ್ನು ಪರೀಕ್ಷಿಸಿ ಅವು ಎಲ್ಲಿ ತಯಾರಾದವೆಂದು ಹುಡುಕಿದ ಮೇಲೆ. ಉಳಿದ ಮಾತ್ರೆ ಮತ್ತು ಬ್ಯಾಚ್ ನಂಬರ್ ಸಮೇತ ಡಬ್ಬಿ ಮುಚ್ಚಿಟ್ಟು, ಔಷಧಗಳ ಅಡ್ಡಪರಿಣಾಮ ದಾಖಲಿಸುವ ಕೇಂದ್ರಕ್ಕೆ ವರದಿ ಮಾಡುವಂತೆ ನಿಮ್ಮ ಡಾಕ್ಟರನ್ನು ಕೇಳಿ.