ಟ್ಯೂನರಿನಲ್ಲಿ ಹಸಿರು, ಕಿವಿಯಲ್ಲಿ ಅಪಶ್ರುತಿ: ಸ್ಟೀಲ್ ಗಿಟಾರ್‌ಗೆ ಎಂಥ ಟ್ಯೂನರ್ ಬೇಕು?

ಪ್ರಶ್ನೆ: ತೊಡೆಯ ಮೇಲೆ ಮಲಗಿಸಿಟ್ಟು ನುಡಿಸುವ ಲ್ಯಾಪ್ ಸ್ಟೀಲ್ ಗಿಟಾರ್ ಕಲಿಯುತ್ತಿದ್ದೇನೆ. ಮೊದಲು ಸಾಮಾನ್ಯ ಗಿಟಾರಿಗೆ ಬಳಸುತ್ತಿದ್ದ ಕ್ಲಿಪ್ ಟ್ಯೂನರಿನಲ್ಲೇ ಈಗಲೂ ಶ್ರುತಿ ಮಾಡುತ್ತೇನೆ. ಆರೂ ತಂತಿಗಳಿಗೆ ಹಸಿರು ದೀಪ ಬರುತ್ತದೆ. ಆದರೂ ಹಲವು ತಂತಿಗಳನ್ನು ಒಟ್ಟಿಗೆ ಮೀಟಿ ಕಾರ್ಡ್ ನುಡಿಸಿದಾಗ ಏನೋ ಒರಟಾಗಿ ಕೇಳಿಸುತ್ತದೆ. ಜೊತೆಯಲ್ಲಿ ಒಯ್ಯಬಹುದಾದ, ಇನ್ನೂ ನಿಖರವಾದ ಎಲೆಕ್ಟ್ರಾನಿಕ್ ಟ್ಯೂನರ್ ಕೊಳ್ಳಬೇಕೇ? ಏನನ್ನು ನೋಡಿ ಆರಿಸಬೇಕು?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಕೇಳಿಸಿಕೊಳ್ಳುತ್ತಿದೆ. ಟ್ಯೂನರ್ ಕೂಡ ಕೆಟ್ಟಿಲ್ಲ. ಇಬ್ಬರೂ ಹಿಡಿದಿರುವ ಅಳತೆಗೋಲು ಬೇರೆ ಬೇರೆ, ಅಷ್ಟೆ. ಆದ್ದರಿಂದ ಬರೀ ನಿಖರತೆಯನ್ನು ನೋಡಿ ಹೊಸ ಟ್ಯೂನರ್ ತಂದರೆ ಆ ಒರಟುತನ ಹೋಗುವುದಿಲ್ಲ. ಯಾವ ತಂತಿ ಎಲ್ಲಿ ನಿಲ್ಲಬೇಕೆಂಬ ತೀರ್ಮಾನವನ್ನು ನಿಮಗೇ ಬಿಟ್ಟು, ಅದು ಅಲ್ಲಿಗೆ ಬಂದು ನಿಂತಿದೆಯೇ ಎಂದು ಅಂಕಿಯಲ್ಲಿ ಹೇಳುವ ಟ್ಯೂನರ್ ನಿಮಗೆ ಬೇಕು.

ಟ್ಯೂನರುಗಳು ಪಿಯಾನೋದ ಲೆಕ್ಕವನ್ನು ಅನುಸರಿಸುತ್ತವೆ. ಒಂದು ಸ್ಥಾಯಿಯನ್ನು 12 ಸಮಭಾಗ ಮಾಡಿ, ಒಂದೊಂದು ಭಾಗಕ್ಕೆ 100 ಸೆಂಟ್ ಎಂದು ಎಣಿಸುತ್ತವೆ. ಆ ಲೆಕ್ಕದಲ್ಲಿ ಷಡ್ಜದಿಂದ ಗಾಂಧಾರಕ್ಕೆ 400 ಸೆಂಟ್. ಆದರೆ ಕಂಪನಗಳು 5:4ರ ಪ್ರಮಾಣದಲ್ಲಿದ್ದು ಎರಡೂ ಸ್ವರ ಒಂದರಲ್ಲೊಂದು ಕರಗುವ ಗಾಂಧಾರ ಇರುವುದು ಸುಮಾರು 386 ಸೆಂಟ್ ಎತ್ತರದಲ್ಲಿ. ಅಂದರೆ ಹಸಿರು ದೀಪ ತೋರಿಸುವ ಗಾಂಧಾರ 14 ಸೆಂಟ್ ಏರಿದೆ. ಪಂಚಮದಲ್ಲಿ ವ್ಯತ್ಯಾಸ ಕೇವಲ 2 ಸೆಂಟ್, ಅದನ್ನು ಕಿವಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಈ 14 ಸೆಂಟ್ ಹೇಗೆ ಕೇಳಿಸುತ್ತದೆಂದು ನಿಮ್ಮ ವಾದ್ಯದಲ್ಲೇ ನೋಡಬಹುದು. ಲ್ಯಾಪ್ ಸ್ಟೀಲಿನಲ್ಲಿ ಸಾಮಾನ್ಯವಾದ ಸಿ6 ಶ್ರುತಿಯಲ್ಲಿ ತಂತಿಗಳು ಕೆಳಗಿನಿಂದ ಸಿ, ಇ, ಜಿ, ಎ, ಸಿ, ಇ; ಸಿ ಷಡ್ಜವಾದರೆ ಇ ಗಾಂಧಾರ, ಜಿ ಪಂಚಮ. ಕೆಳಗಿನ ಸಿ ತಂತಿ ಸೆಕೆಂಡಿಗೆ ಸುಮಾರು 131 ಬಾರಿ ಕಂಪಿಸುತ್ತದೆ, ಅದರ ಪಕ್ಕದ ಇ ತಂತಿ 165 ಬಾರಿ. ಪ್ರತಿ ತಂತಿಯಲ್ಲೂ ಮೂಲ ಕಂಪನದ ಎರಡರಷ್ಟು, ಮೂರರಷ್ಟು ಹೀಗೆ ಕಂಪಿಸುವ ಉಪಸ್ವರಗಳೂ ಇರುತ್ತವೆ. ಸಿ ತಂತಿಯ ಐದರಷ್ಟು ಕಂಪಿಸುವ ಉಪಸ್ವರವೂ ಇ ತಂತಿಯ ನಾಲ್ಕರಷ್ಟು ಕಂಪಿಸುವ ಉಪಸ್ವರವೂ ಒಂದೇ ಜಾಗಕ್ಕೆ ಬರಬೇಕು. ಟ್ಯೂನರಿನ ಹಸಿರನ್ನು ನಂಬಿದರೆ ಒಂದು 654ರಲ್ಲಿ, ಇನ್ನೊಂದು 659ರಲ್ಲಿ ನಿಲ್ಲುತ್ತದೆ. ಎರಡನ್ನೂ ಒಟ್ಟಿಗೆ ಮೀಟಿ ಬಿಟ್ಟರೆ ಸೆಕೆಂಡಿಗೆ ಐದು ಬಾರಿ ಏರಿಳಿಯುವ ಅಲೆಯೊಂದು ಕೇಳುತ್ತದೆ. ಮೇಲಿನ ಸ್ಥಾಯಿಯ ಸಿ ಮತ್ತು ಇ ತಂತಿಗಳಲ್ಲಿ ಅದು ಹತ್ತು ಬಾರಿ. ನೀವು ಒರಟು ಎಂದದ್ದು ಇದನ್ನೇ.

ಸಾಮಾನ್ಯ ಗಿಟಾರಿನಲ್ಲೂ ಈ ಅಲೆ ಇದೆ, ಆದರೆ ಅಲ್ಲಿ ನಾದ ಬೇಗ ಕುಗ್ಗುತ್ತದೆ. ಸ್ಟೀಲ್ ಗಿಟಾರಿನಲ್ಲಿ ಬೆರಳಿನ ಬದಲು ತಂತಿಗಳ ಮೇಲೆ ಜಾರಿಸುವ ಲೋಹದ ಬಾರ್ ಭಾರವಾಗಿ ಕುಳಿತಿರುತ್ತದೆ, ನಾದ ಉದ್ದಕ್ಕೆ ನಿಲ್ಲುತ್ತದೆ. ಕಾಲಿನಿಂದ ಸದ್ದು ಏರಿಳಿಸುವ ವಾಲ್ಯೂಮ್ ಪೆಡಲ್ ಇದ್ದರೆ ಇನ್ನೂ ಉದ್ದ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯವಾದದ್ದು. ಬಾರನ್ನು ಕೂದಲೆಳೆಯಷ್ಟು ಸರಿಸಿದರೆ ಎಲ್ಲ ತಂತಿಗಳೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಪಿಟೀಲು ನುಡಿಸುವವರು ಒಂದೇ ಸ್ವರವನ್ನು ಬೆರಳ ತುದಿಯಲ್ಲಿ ತಿದ್ದಿಕೊಳ್ಳಬಲ್ಲರು. ನೇರವಾಗಿ ಇಟ್ಟ ಬಾರಿಗೆ ಅದು ಸಾಧ್ಯವಿಲ್ಲ. ತೆರೆದ ತಂತಿಗಳ ನಡುವೆ ನೀವು ಏರ್ಪಡಿಸಿದ ಅಂತರವೇ ವಾದ್ಯದ ಉದ್ದಕ್ಕೂ ಹೋಗುತ್ತದೆ. ಹೀಗಾಗಿ ಟ್ಯೂನರಿನ ಆಯ್ಕೆಗೆ ನಮ್ಮ ವಾದ್ಯದಲ್ಲಿ ಇಷ್ಟೊಂದು ತೂಕ.

ಲ್ಯಾಪ್ ಸ್ಟೀಲ್ ನುಡಿಸುವವರ ಅದೃಷ್ಟ ಎಂದರೆ ಸಿ6ರಲ್ಲಿ ಉತ್ತರ ಬಹಳ ಅಚ್ಚುಕಟ್ಟಾಗಿದೆ. ಸಿ ತಂತಿಗಳನ್ನು ಸೊನ್ನೆಯಲ್ಲಿ ಇಡಿ. ಇ ತಂತಿಗಳನ್ನು 14 ಸೆಂಟ್ ಇಳಿಸಿ, ಜಿ ತಂತಿಯನ್ನು 2 ಸೆಂಟ್ ಏರಿಸಿ, ಎ ತಂತಿಯನ್ನು 16 ಸೆಂಟ್ ಇಳಿಸಿ. ಈಗ ಸಿ, ಇ, ಜಿ ಸೇರಿದ ಮೇಜರ್ ಕಾರ್ಡೂ ಎ, ಸಿ, ಇ ಸೇರಿದ ಮೈನರ್ ಕಾರ್ಡೂ ಎರಡೂ ಅಲೆಯಿಲ್ಲದೆ ನಿಲ್ಲುತ್ತವೆ. ಇದನ್ನು ಮೊದಲ ಬಾರಿ ಕೇಳಿದವರಿಗೆ ವಾದ್ಯವೇ ಬದಲಾದಂತೆ ಅನ್ನಿಸುತ್ತದೆ, ಅದರಲ್ಲಿ ಉತ್ಪ್ರೇಕ್ಷೆ ಇಲ್ಲ. ಪಿಯಾನೋ ಅಥವಾ ಕೀಬೋರ್ಡ್ ಜೊತೆಗೆ ನುಡಿಸುವಾಗ ಮಾತ್ರ ಅಷ್ಟು ಇಳಿದ ಗಾಂಧಾರ ಅವರ ಗಾಂಧಾರದೊಡನೆ ತಿಕ್ಕಾಡುತ್ತದೆ. ಆಗ ಅರ್ಧ ದಾರಿಗೆ ಒಪ್ಪಿಕೊಳ್ಳುವುದು ಮೇಲು: 7 ಅಥವಾ 8 ಸೆಂಟ್.

ಇಷ್ಟು ತಿಳಿದರೆ ಟ್ಯೂನರಿನಲ್ಲಿ ಮೊದಲು ಏನನ್ನು ನೋಡಬೇಕೆಂಬುದು ತಾನಾಗಿಯೇ ಹೊಳೆಯುತ್ತದೆ. ಕೆಂಪು, ಹಸಿರು, ಕೆಂಪು ಎಂಬ ಮೂರು ದೀಪಗಳ ಟ್ಯೂನರ್ ಇಲ್ಲಿ ಕೆಲಸಕ್ಕೆ ಬಾರದು. ಹಸಿರಿನಿಂದ 14 ಸೆಂಟ್ ಕೆಳಗೆ ಎಂಬುದನ್ನು ಅದು ತೋರಿಸಲಾರದು. ಸೊನ್ನೆಯ ಎರಡೂ ಬದಿಗೆ 50ರ ತನಕ ಗುರುತುಗಳಿರುವ ಮುಳ್ಳು, ಅಥವಾ ಸೆಂಟನ್ನು ಅಂಕಿಯಲ್ಲೇ ಬರೆಯುವ ಪರದೆ ಬೇಕು. ಜೊತೆಗೆ ಅದು ಕ್ರೋಮ್ಯಾಟಿಕ್ ಆಗಿರಲಿ, ಎಂದರೆ ಹನ್ನೆರಡು ಸ್ವರಗಳಲ್ಲಿ ಯಾವುದನ್ನಾದರೂ ಗುರುತಿಸುವಂತಿರಲಿ. ಸಾಮಾನ್ಯ ಗಿಟಾರಿನ ಆರು ತಂತಿಗಳ ಸ್ವರಗಳನ್ನಷ್ಟೇ ಬಲ್ಲ ಟ್ಯೂನರ್ ಸಿ ತಂತಿಯನ್ನು ಕೇಳಿದರೆ ದಾರಿ ತಪ್ಪುತ್ತದೆ.

ಸೆಂಟ್ ಅಂಕಿ ಇಲ್ಲದಿದ್ದರೂ ಮೂಲ ಶ್ರುತಿಯನ್ನು, ಅಂದರೆ 440 ಹರ್ಟ್ಸ್ ಎಂಬ ಎ ಸ್ವರವನ್ನು, ಬದಲಿಸಲು ಬಿಡುವ ಟ್ಯೂನರಿನಿಂದ ಇದೇ ಕೆಲಸ ಮಾಡಿಸಬಹುದು. ಅಲ್ಲಿ 1 ಹರ್ಟ್ಸ್ ಎಂದರೆ ಹತ್ತಿರ ಹತ್ತಿರ 4 ಸೆಂಟ್. ಸಿ ತಂತಿಗೆ 440, ಇ ತಂತಿಗೆ 436.5, ಜಿ ತಂತಿಗೆ 440.5, ಎ ತಂತಿಗೆ 436 ಎಂದು ಇಟ್ಟುಕೊಂಡು ಪ್ರತಿ ಸಲವೂ ಮುಳ್ಳನ್ನು ಸೊನ್ನೆಗೆ ತಂದರೆ ಮೇಲೆ ಹೇಳಿದ ಶ್ರುತಿಯೇ ಬರುತ್ತದೆ. ಅರ್ಧ ಹರ್ಟ್ಸ್ ಹೆಜ್ಜೆಯಿರುವ ಟ್ಯೂನರ್ ಸಿಕ್ಕರೆ ಸೊಗಸು.

ನಿಖರತೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: 1 ಸೆಂಟ್ ಒಳಗಿನ ತಪ್ಪು ಲ್ಯಾಪ್ ಸ್ಟೀಲಿಗೆ ಧಾರಾಳವಾಗಿ ಸಾಕು. ಮೇಲಿನ ಇ ತಂತಿ 1 ಸೆಂಟ್ ತಪ್ಪಿದರೆ ಹುಟ್ಟುವ ಅಲೆ ಸೆಕೆಂಡಿಗೆ ಒಂದಕ್ಕಿಂತ ಕಡಿಮೆ. ಸ್ಟ್ರೋಬ್ ಟ್ಯೂನರುಗಳು ಸೆಂಟಿನ ಹತ್ತನೇ ಒಂದು ಭಾಗದವರೆಗೂ ಹೋಗುತ್ತವೆ. ಅವುಗಳ ನಿಜವಾದ ಹೆಚ್ಚುಗಾರಿಕೆ ಆ ಅಂಕಿಯಲ್ಲ. ತಂತಿ ಏರಿದ್ದರೆ ಪರದೆಯ ಮೇಲಿನ ಪಟ್ಟೆಗಳು ಒಂದು ಕಡೆಗೆ, ಇಳಿದಿದ್ದರೆ ಇನ್ನೊಂದು ಕಡೆಗೆ ಹರಿಯುತ್ತವೆ. ಹತ್ತಿರ ಬಂದಂತೆ ನಿಧಾನವಾಗಿ, ಸರಿಯಾದಾಗ ನಿಂತುಬಿಡುತ್ತವೆ. ಮುಳ್ಳು ತಡವರಿಸುವ ಕಡೆ ಇದು ತಡವರಿಸುವುದಿಲ್ಲ. ಪೀಟರ್ಸನ್ ಕಂಪನಿಯ ಕೈಯಲ್ಲಿ ಹಿಡಿಯುವ ಸ್ಟ್ರೋಬ್ ಟ್ಯೂನರುಗಳಲ್ಲಿ ಸ್ಟೀಲ್ ಗಿಟಾರಿಗೆಂದೇ ಸೆಂಟ್ ವ್ಯತ್ಯಾಸಗಳನ್ನು ಮೊದಲೇ ತುಂಬಿದ ಆಯ್ಕೆಗಳಿವೆ, ನಿಮ್ಮದೇ ಅಂಕಿಗಳನ್ನು ಉಳಿಸಿಡಲೂ ಬಹುದು.

ಉಳಿಸಿಡುವ ಈ ಸೌಲಭ್ಯದ ಬೆಲೆ ತಿಳಿಯುವುದು ಪೆಡಲ್ ಸ್ಟೀಲಿಗೆ, ಅಂದರೆ ಕಾಲಿನ ಪೆಡಲಿನಿಂದ ತಂತಿಗಳ ಸ್ವರ ಬದಲಿಸುವ ಸ್ಟೀಲ್ ಗಿಟಾರಿಗೆ, ಹೋದಾಗ. ಹತ್ತು ತಂತಿಗಳ ಇ9 ಶ್ರುತಿಯಲ್ಲಿ ಪೆಡಲ್ ಒತ್ತಿದಾಗ ಬಿ ತಂತಿ ಸಿ ಶಾರ್ಪ್ ಆಗುತ್ತದೆ, ಜಿ ಶಾರ್ಪ್ ತಂತಿ ಎ ಆಗುತ್ತದೆ. ಅಂದರೆ ಒಂದೊಂದು ತಂತಿಗೂ ಎರಡು ಮೂರು ನೆಲೆಗಳು. ಸಾಲದ್ದಕ್ಕೆ ಪೆಡಲ್ ಒತ್ತಿದಾಗ ವಾದ್ಯದ ಒಡಲು ಕೊಂಚ ಬಾಗಿ, ಮುಟ್ಟದ ತಂತಿಗಳೂ ಕೆಲವು ಸೆಂಟ್ ಇಳಿಯುತ್ತವೆ. ಇನ್ನು ಮೊದಲನೆಯ ತಂತಿಯಾದ ಎಫ್ ಶಾರ್ಪ್ ಅನ್ನೇ ನೋಡಿ. ಪೆಡಲ್ ಬಿಟ್ಟಾಗ ಇ ಕಾರ್ಡಿನ ಒಂಬತ್ತನೆಯ ಸ್ವರವಾಗಿ ಅದು ಇ ಸ್ವರದಿಂದ 204 ಸೆಂಟ್ ಮೇಲಿರಬೇಕು. ಪೆಡಲ್ ಒತ್ತಿ ಎ ಕಾರ್ಡ್ ಬಂದಾಗ ಅದೇ ತಂತಿ ಆರನೆಯ ಸ್ವರವಾಗುತ್ತದೆ, ಆಗ 182 ಸೆಂಟಿನಲ್ಲಿದ್ದರೆ ಚೆನ್ನ. ಒಂದೇ ತಂತಿಯಿಂದ 22 ಸೆಂಟ್ ದೂರದ ಎರಡು ಬೇಡಿಕೆ! ಯಾವ ಟ್ಯೂನರೂ ಇದನ್ನು ಬಿಡಿಸಲಾರದು. ನಡುವೆ ಎಲ್ಲಿ ನಿಲ್ಲಬೇಕೆಂದು ನುಡಿಸುವವರೇ ಆರಿಸಬೇಕು. ದೊಡ್ಡ ವಾದಕರೇ ಇದರಲ್ಲಿ ಒಂದು ಮಾತಾಗಲಿಲ್ಲ. ಪೆಡಲ್ ಸ್ಟೀಲ್ ಗುರು ಜೆಫ್ ನ್ಯೂಮನ್ ಒಂದೊಂದು ತಂತಿಗೂ ಪ್ರತ್ಯೇಕ ಅಂಕಿಗಳ ಪಟ್ಟಿಯನ್ನೇ ಹೊರತಂದರು. ಬಡ್ಡಿ ಎಮನ್ಸ್ ಮುಂದೆ ಟ್ಯೂನರಿನ ಸೊನ್ನೆಗೇ, ಸಮಭಾಗದ ಶ್ರುತಿಗೇ, ಬಂದು ನಿಂತರು.

ಟ್ಯೂನರ್ ವಾದ್ಯವನ್ನು ಹೇಗೆ ಕೇಳಿಸಿಕೊಳ್ಳುತ್ತದೆ ಎಂಬುದೂ ಅಷ್ಟೇ ಮುಖ್ಯ. ವಾದ್ಯ ವಿದ್ಯುತ್ತಿನದಾದರೆ ಕೇಬಲ್ ಚುಚ್ಚುವ ಜ್ಯಾಕ್ ಇರುವ ಟ್ಯೂನರನ್ನೇ ಆರಿಸಿ. ಸುತ್ತ ಡ್ರಮ್ ಬಾರಿಸುತ್ತಿದ್ದರೂ ಅದಕ್ಕೆ ಕೇಳುವುದು ನಿಮ್ಮ ತಂತಿ ಮಾತ್ರ. ಮೈಕ್ ನಂಬುವ ಟ್ಯೂನರ್ ಗದ್ದಲದಲ್ಲಿ ಸೋಲುತ್ತದೆ. ಕ್ಲಿಪ್ ಟ್ಯೂನರ್ ಮರದ ಕಂಪನವನ್ನು ಹಿಡಿಯುತ್ತದೆ, ಒಳಗಿನ ಲೋಹದ ಶಂಕುವಿನಿಂದ ಸದ್ದು ಹೆಚ್ಚಿಸುವ ರೆಸೋನೇಟರ್ ಗಿಟಾರಿಗೆ ಅದು ಬಹಳ ಒಳ್ಳೆಯ ಜೊತೆ. ಆದರೆ ಎಷ್ಟೋ ಲ್ಯಾಪ್ ಸ್ಟೀಲುಗಳ ತಲೆಭಾಗ ದಪ್ಪ ದಿಮ್ಮಿಯಂತಿರುತ್ತದೆ, ಪೆಡಲ್ ಸ್ಟೀಲಿನದು ಲೋಹದ್ದು; ಕ್ಲಿಪ್ಪಿನ ಬಾಯಿ ಅಷ್ಟು ಅಗಲ ತೆರೆಯುತ್ತದೆಯೇ ಎಂದು ಮೊದಲೇ ಅಳೆದು ನೋಡಿ. ವಾಲ್ಯೂಮ್ ಪೆಡಲ್ ಬಳಸುವವರು ಟ್ಯೂನರನ್ನು ಅದಕ್ಕಿಂತ ಮೊದಲು ಜೋಡಿಸಿದರೆ ಸದ್ದನ್ನು ಪೂರ್ತಿ ಇಳಿಸಿಕೊಂಡು, ಯಾರಿಗೂ ಕೇಳದಂತೆ ಶ್ರುತಿ ಮಾಡಬಹುದು.

ಕಣ್ಣಿಗೆ ಕಾಣುವಂತಿರಬೇಕು ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ನೆಲದ ಮೇಲಿಡುವ ಪೆಡಲ್ ಮಾದರಿಯ ಟ್ಯೂನರ್ ನಿಂತು ನುಡಿಸುವವರಿಗೆ ಹೇಳಿ ಮಾಡಿಸಿದಂತಿದೆ. ಪೆಡಲ್ ಸ್ಟೀಲ್ ಮುಂದೆ ಕುಳಿತವರಿಗೆ ವಾದ್ಯವೇ ನೆಲವನ್ನು ಮರೆಮಾಡುತ್ತದೆ, ಕಾಲುಗಳೂ ಆಗಲೇ ಕೆಲಸದಲ್ಲಿರುತ್ತವೆ. ಅಂಥವರಿಗೆ ಅಂಗೈಯಗಲದ ಟ್ಯೂನರನ್ನು ವಾದ್ಯದ ತುದಿಗೋ ಪಕ್ಕದ ಸ್ಟ್ಯಾಂಡಿಗೋ ಸಿಕ್ಕಿಸಿಕೊಳ್ಳುವುದೇ ಅನುಕೂಲ. ಒಂದೆರಡು ನಿಮಿಷಕ್ಕೇ ತಾನಾಗಿ ಆರಿಹೋಗುವ ಟ್ಯೂನರ್ ಹತ್ತು ತಂತಿ ಮುಗಿಯುವ ಮುನ್ನವೇ ಕೈಕೊಡುತ್ತದೆ, ಅದನ್ನೂ ಕೇಳಿ ತಿಳಿದುಕೊಳ್ಳಿ.

ನಿಮ್ಮ ವಿಷಯಕ್ಕೆ ಬರುವುದಾದರೆ, ಇಂದೇ ಹಣ ಖರ್ಚು ಮಾಡಬೇಡಿ. ಸೆಂಟ್ ಅಂಕಿ ತೋರಿಸುವ ಟ್ಯೂನರ್ ಆ್ಯಪ್ ಒಂದನ್ನು ಮೊಬೈಲಿಗೆ ಹಾಕಿಕೊಂಡು ಸದ್ದಿಲ್ಲದ ಕೋಣೆಯಲ್ಲಿ ಕುಳಿತುಕೊಳ್ಳಿ. ಸಿ ತಂತಿಗಳನ್ನು ಅದರಿಂದ ಸರಿಮಾಡಿ. ಆಮೇಲೆ ಪರದೆಯನ್ನು ನೋಡದೆ ಸಿ ಮತ್ತು ಇ ತಂತಿಗಳನ್ನು ಒಟ್ಟಿಗೆ ಮೀಟುತ್ತಾ, ಅಲೆ ನಿಧಾನವಾಗಿ ನಿಲ್ಲುವವರೆಗೆ ಇ ತಂತಿಯ ಬಿರಡೆಯನ್ನು ಇಳಿಸಿ. ಮಿಕ್ಕ ತಂತಿಗಳನ್ನು ಅಂಗೈಯಿಂದ ಮುಚ್ಚಿಕೊಂಡಿರಿ, ಇಲ್ಲವಾದರೆ ಅವೂ ದನಿಗೂಡಿಸುತ್ತವೆ. ನಂತರ ಇ ತಂತಿಯೊಂದನ್ನೇ ಮೀಟಿ ಪರದೆಯ ಅಂಕಿಯನ್ನು ಬರೆದುಕೊಳ್ಳಿ. ಜಿ ಮತ್ತು ಎ ತಂತಿಗಳಿಗೂ ಹೀಗೆಯೇ ಮಾಡಿ. ಕೆಲವು ದಿನಗಳಲ್ಲಿ ನಿಮ್ಮ ಕಿವಿ ಒಪ್ಪುವ ನಾಲ್ಕು ಅಂಕಿಗಳು ಸಿದ್ಧವಾಗುತ್ತವೆ. ಟ್ಯೂನರ್ ಕೊಳ್ಳಲು ಹೊರಟಾಗ ಆ ಚೀಟಿಯನ್ನೂ ವಾದ್ಯವನ್ನೂ ಜೊತೆಗೆ ಒಯ್ಯಿರಿ. ಆ ನಾಲ್ಕು ಜಾಗಗಳನ್ನು ತಡವಿಲ್ಲದೆ ತೋರಿಸಿ, ಕೆಳಗಿನ ಸಿ ತಂತಿಯಲ್ಲೂ ಮುಳ್ಳು ಅಲುಗಾಡದೆ ನಿಲ್ಲುವ ಟ್ಯೂನರನ್ನು ತೆಗೆದುಕೊಳ್ಳಿ.